ಬೆಲೆ ಕಟ್ಟುವವನೂ ಒಬ್ಬ ಸಾಕ್ಷಿ



ಅಳತೆ ಮತ್ತು ತೂಕದಲ್ಲಿ ವಂಚಿಸುವವರಿಗೆ ವಿನಾಶ ಕಾದಿದೆಯೆಂದು ಪವಿತ್ರ ಕುರ್‌ಆನ್ 'ಅಲ್ ಮುತಫ್ಫಿಫೀನ್' ಅಧ್ಯಾಯದ ಆರಂಭದಲ್ಲಿಯೇ ಎಚ್ಚರಿಸುತ್ತದೆ. ಈ ಎಚ್ಚರಿಕೆಯನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಂತೆಯ ತಕ್ಕಡಿ, ಕಿರಾಣಿ ಅಂಗಡಿಯ ತೂಕದ ಬಟ್ಟು. ನಾವು ಅಂಗಡಿ ಇಟ್ಟವರಲ್ಲ, ಆದ್ದರಿಂದ ಈ ಮಾತು ನಮ್ಮನ್ನು ಕುರಿತದ್ದಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಕೈಯಲ್ಲಿ ತಕ್ಕಡಿಯಿಲ್ಲದೆ ತೂಗುವವರೂ ನಮ್ಮ ನಡುವೆ ಇದ್ದಾರೆ. ಹೊಲ, ತೋಟ, ಮನೆ, ನಿವೇಶನಗಳಿಗೆ ಬೆಲೆ ಕಟ್ಟುವವರು ಅಂಥವರು. ಅವರ ಪೆನ್ನೇ ಅವರ ತಕ್ಕಡಿ.

ಪ್ರವಾದಿ ಶುಐಬ್(ಅ) ಮದ್‌ಯನ್‌ನ ಜನರಿಗೆ ನೀಡಿದ ಉಪದೇಶವನ್ನು ಗಮನಿಸಿರಿ. ಅಳತೆ ತೂಕವನ್ನು ಪೂರ್ತಿಯಾಗಿ ಕೊಡಬೇಕೆಂದು ಹೇಳಿ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಜನರಿಗೆ ಸೇರಿದ ವಸ್ತುಗಳನ್ನು ಅವುಗಳ ಯೋಗ್ಯತೆಗಿಂತ ಕಡಿಮೆಗೊಳಿಸಬಾರದೆಂದೂ ತಾಕೀತು ಮಾಡಿದರು. ಅಲ್ ಅಅ್‌ರಾಫ್, ಹೂದ್ ಮತ್ತು ಅಶ್ಶುಅರಾ ಅಧ್ಯಾಯಗಳಲ್ಲಿ, ಹೀಗೆ ಮೂರು ಕಡೆ ಕುರ್‌ಆನ್ ಈ ಮಾತನ್ನು ನೆನಪಿಸುತ್ತದೆ. ಬೆಲೆ ಇಳಿಸಿ ಹೇಳುವುದೂ ತೂಕದಲ್ಲಿ ಕದಿಯುವುದೂ ಒಂದೇ ಸಾಲಿನಲ್ಲಿ ಬಂದಿರುವುದು ಚಿಂತನಾರ್ಹವಾಗಿದೆ.

ನುಗ್ಗೇಹಳ್ಳಿಯ ಕಡೆಯ ಒಂದು ತೆಂಗಿನ ತೋಟವನ್ನು ಮನಸ್ಸಿಗೆ ತಂದುಕೊಳ್ಳಿರಿ. ತಂದೆ ತೀರಿಕೊಂಡಿದ್ದಾರೆ, ತಾಯಿ ಮೊದಲೇ ಇಲ್ಲ. ಉಳಿದವರು ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಎರಡು ಎಕರೆ ತೋಟವನ್ನು ತುಂಡು ಮಾಡುವುದು ಬೇಡ, ತಂಗಿಯ ಪಾಲನ್ನು ಹಣದ ರೂಪದಲ್ಲಿ ಕೊಟ್ಟುಬಿಡೋಣವೆಂದು ಅಣ್ಣಂದಿರು ತೀರ್ಮಾನಿಸುತ್ತಾರೆ. ಶರೀಅತ್ತಿನ ಪ್ರಕಾರ ಆಕೆಗೆ ಐದರಲ್ಲಿ ಒಂದು ಪಾಲು. ಬೆಲೆ ಕಟ್ಟಲು ತಿಳಿದವರೊಬ್ಬರನ್ನು ಕರೆಯುತ್ತಾರೆ. ಅವರು ಪಹಣಿ ನೋಡುತ್ತಾರೆ, ಮರಗಳನ್ನು ಎಣಿಸುತ್ತಾರೆ, ಬೋರ್‌ವೆಲ್ ನೀರನ್ನು ನೋಡುತ್ತಾರೆ. ತೋಟದ ನಿಜವಾದ ಬೆಲೆ ನಲವತ್ತು ಲಕ್ಷವೆಂದು ಅವರಿಗೆ ಮನದಟ್ಟಾಗುತ್ತದೆ. ಹೊರಡುವಾಗ ಹಿರಿಯಣ್ಣ ಪಕ್ಕಕ್ಕೆ ಕರೆದು, "ಇಪ್ಪತ್ತಕ್ಕೆ ಬರೆದುಕೊಡಿ ಸಾರ್, ಮನೆಯೊಳಗಿನ ವ್ಯವಹಾರ ತಾನೇ" ಎಂದು ಒಂದು ಲಕೋಟೆಯನ್ನು ಕೈಗಿಡುತ್ತಾನೆ.

ನಲವತ್ತು ಲಕ್ಷವೆಂದು ಬರೆದರೆ ತಂಗಿಗೆ ಎಂಟು ಲಕ್ಷ, ಇಪ್ಪತ್ತೆಂದು ಬರೆದರೆ ನಾಲ್ಕು ಲಕ್ಷ. ಒಂದು ಅಂಕಿ ಬದಲಾದುದರಿಂದ ಒಬ್ಬ ಹೆಣ್ಣುಮಗಳ ನಾಲ್ಕು ಲಕ್ಷ ಸದ್ದಿಲ್ಲದೆ ಮಾಯವಾಯಿತು. ಆಕೆ ಆ ಕಾಗದಕ್ಕೆ ಸಹಿ ಮಾಡುತ್ತಾಳೆ. ತನಗೆ ಅನ್ಯಾಯವಾಗಿದೆಯೆಂಬುದೂ ಆಕೆಗೆ ತಿಳಿಯುವುದಿಲ್ಲ. ತವರಿನವರು ಪಾಲು ಕೊಟ್ಟರೆಂದು ಅವರಿಗಾಗಿ ಪ್ರಾರ್ಥಿಸಿದರೂ ಪ್ರಾರ್ಥಿಸಬಹುದು. ಅಲ್ಲಾಹನು ತಾನೇ ನಿಗದಿಪಡಿಸಿದ ಪಾಲನ್ನು ಹಂಚಿಕೆಯಲ್ಲಿ ಯಾರೂ ಬದಲಿಸಲಿಲ್ಲ. ಐದರಲ್ಲಿ ಒಂದನ್ನೇ ಕೊಟ್ಟರು. ಆದರೆ ಬೆಲೆಯಲ್ಲಿ ಬದಲಿಸಿದರು. ಕೊಡದೆ ಕಸಿದುಕೊಳ್ಳುವವನ ಪಾಪ ಊರಿಗೆ ಕಾಣುತ್ತದೆ. ಕೊಟ್ಟಂತೆ ಮಾಡಿ ಕಸಿದುಕೊಳ್ಳುವವನ ಪಾಪ ಅಲ್ಲಾಹನಿಗೆ ಮಾತ್ರ ಕಾಣುತ್ತದೆ.

ಇಲ್ಲಿ ಬೆಲೆ ಕಟ್ಟಿದವನ ಸ್ಥಾನವೇನು? ತಾನು ಕೇವಲ ಕಾಗದ ಬರೆದುಕೊಟ್ಟವನೆಂದು ಅವನು ಹೇಳಿಕೊಳ್ಳಬಹುದು. ವಾಸ್ತವದಲ್ಲಿ ಅವನೊಬ್ಬ ಸಾಕ್ಷಿ. 'ಈ ಆಸ್ತಿಯನ್ನು ಕಣ್ಣಾರೆ ಕಂಡಿದ್ದೇನೆ, ಇದರ ಬೆಲೆ ಇಷ್ಟು' ಎಂದು ಸಹಿ ಹಾಕುವುದು ಸಾಕ್ಷ್ಯವಲ್ಲದೆ ಮತ್ತೇನು? ಸಾಕ್ಷ್ಯವನ್ನು ಮುಚ್ಚಿಡುವವನ ಹೃದಯವೇ ಪಾಪಭರಿತವಾಗಿದೆಯೆಂದು ಅಲ್ ಬಕರಃ ಅಧ್ಯಾಯ ಹೇಳುತ್ತದೆ. ಸ್ವತಃ ತಮ್ಮ ವಿರುದ್ಧವಾದರೂ, ತಂದೆತಾಯಿ ಮತ್ತು ಬಂಧುಗಳ ವಿರುದ್ಧವಾದರೂ, ಮುಂದಿರುವವನು ಶ್ರೀಮಂತನಿರಲಿ ಬಡವನಿರಲಿ, ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂದು ಅನ್ನಿಸಾ ಅಧ್ಯಾಯ ಆದೇಶಿಸುತ್ತದೆ. ಸುಳ್ಳು ಸಾಕ್ಷ್ಯವನ್ನು ಪ್ರವಾದಿ ಮುಹಮ್ಮದ್(ಸ) ಮಹಾಪಾಪಗಳ ಸಾಲಿನಲ್ಲಿ ಎಣಿಸಿರುವರು.

ಬೆಲೆ ಕಟ್ಟುವ ಕಸುಬು ಇಸ್ಲಾಮಿಗೆ ಹೊಸದೇನೂ ಅಲ್ಲ. ಮರದ ಮೇಲಿರುವ ಖರ್ಜೂರವನ್ನು ನೋಡಿ ಇಷ್ಟು ಫಸಲು ಬರುವುದೆಂದು ಅಂದಾಜು ಮಾಡುವುದು ಪ್ರವಾದಿಯವರ(ಸ) ಕಾಲದಲ್ಲಿ ರೂಢಿಯಲ್ಲಿತ್ತು. ನಮ್ಮ ಕಡೆ ತೆಂಗಿನ ಗೊನೆ ನೋಡಿ ವ್ಯಾಪಾರಿ ಲೆಕ್ಕ ಹಾಕುವಂತೆಯೇ ಅದು. ಹಿಜರಿ 7ರಲ್ಲಿ ಖೈಬರ್ ಮುಸ್ಲಿಮರ ಅಧೀನಕ್ಕೆ ಬಂದಾಗ, ಫಸಲಿನಲ್ಲಿ ಅರ್ಧ ಪಾಲು ಕೊಡುವ ಒಪ್ಪಂದದ ಮೇಲೆ ಅಲ್ಲಿನ ಯಹೂದಿಯರನ್ನೇ ತೋಟಗಳಲ್ಲಿ ಉಳಿಸಲಾಯಿತು. ಫಸಲನ್ನು ಅಂದಾಜು ಮಾಡಲು ಪ್ರವಾದಿಯವರು(ಸ) ಅಬ್ದುಲ್ಲಾಹ್ ಬಿನ್ ರವಾಹಾ(ರ)ರನ್ನು ಕಳುಹಿಸುತ್ತಿದ್ದರು.

ಇಮಾಮ್ ಮಾಲಿಕರ ಮುವತ್ತಾದಲ್ಲಿರುವ ವರದಿಯಂತೆ, ಅಲ್ಲಿನವರು ತಮ್ಮ ಹೆಂಗಸರ ಒಡವೆಗಳನ್ನು ಒಟ್ಟುಗೂಡಿಸಿ, ಲೆಕ್ಕದಲ್ಲಿ ಸ್ವಲ್ಪ ಸಡಿಲ ಬಿಡಬೇಕೆಂದು ಅವರ ಮುಂದಿಟ್ಟರು. ಯುದ್ಧದ ಕಹಿ ಇನ್ನೂ ಆರಿರಲಿಲ್ಲ, ಇಬ್ನು ರವಾಹಾ(ರ) ಅದನ್ನು ಮುಚ್ಚಿಡಲೂ ಇಲ್ಲ. ಆದರೆ ಆ ಕಹಿಯು ತಮ್ಮನ್ನು ಅನ್ಯಾಯಕ್ಕೆ ಇಳಿಸಲಾರದು, ಕೊಡಹೊರಟಿರುವುದು ಲಂಚ, ಅದು ನಿಷಿದ್ಧ, ಅದನ್ನು ತಾವು ತಿನ್ನುವವರಲ್ಲವೆಂದು ಸ್ಪಷ್ಟಪಡಿಸಿದರು. ಆಗ ಆ ಜನರು, ಆಕಾಶ ಭೂಮಿಗಳು ನಿಂತಿರುವುದೇ ಇಂತಹ ನ್ಯಾಯದ ಮೇಲೆ ಎಂದು ಒಪ್ಪಿಕೊಂಡರು.

ಅವರು ಅಂದಾಜು ಮಾಡಿ ಮುಗಿಸಿದ ಮೇಲೆ ಎದುರು ಪಕ್ಷಕ್ಕೇ ಆಯ್ಕೆಯನ್ನು ಬಿಡುತ್ತಿದ್ದರು. ಬೇಕಿದ್ದರೆ ಈ ಲೆಕ್ಕದಂತೆ ಫಸಲನ್ನು ನೀವಿಟ್ಟುಕೊಂಡು ನಮ್ಮ ಪಾಲು ಕೊಡಿ, ಇಲ್ಲವಾದರೆ ಇದೇ ಲೆಕ್ಕಕ್ಕೆ ನಾವಿಟ್ಟುಕೊಂಡು ನಿಮ್ಮ ಪಾಲು ಕೊಡುತ್ತೇವೆ ಎನ್ನುತ್ತಿದ್ದರು. ಸರಿಯಾದ ಬೆಲೆಯ ಒರೆಗಲ್ಲು ಇದೇ ಅಲ್ಲವೇ? ನುಗ್ಗೇಹಳ್ಳಿಯ ಆ ಅಣ್ಣನಿಗೆ, 'ಇಪ್ಪತ್ತು ಲಕ್ಷದ ಲೆಕ್ಕಕ್ಕೆ ತೋಟ ತಂಗಿಗಿರಲಿ, ನಿನ್ನ ಪಾಲಿನ ಎಂಟು ಲಕ್ಷ ನೀನು ತೆಗೆದುಕೋ' ಎಂದರೆ ಒಪ್ಪುವನೇ? ಒಪ್ಪುವುದಿಲ್ಲವಾದರೆ ಆ ಬೆಲೆ ಸುಳ್ಳೆಂಬುದು ಅವನಿಗೇ ಗೊತ್ತು.

ಇನ್ನೊಂದು ಘಟನೆ ಬುಖಾರಿಯಲ್ಲಿದೆ. ಹಿಜರಿ 9ರಲ್ಲಿ ತಬೂಕ್‌ಗೆ ಹೋಗುವ ದಾರಿಯಲ್ಲಿ ವಾದಿಲ್ ಕುರಾ ಎಂಬಲ್ಲಿ ಒಬ್ಬ ಮಹಿಳೆಯ ತೋಟ ಸಿಕ್ಕಿತು. ಫಸಲನ್ನು ಅಂದಾಜು ಮಾಡುವಂತೆ ಪ್ರವಾದಿಯವರು(ಸ) ಸಂಗಡಿಗರಿಗೆ ಹೇಳಿದರು. ತಾವೂ ಹತ್ತು ವಸಕ್ ಎಂದು ಅಂದಾಜಿಸಿದರು. ಬಂದ ಫಸಲಿನ ಲೆಕ್ಕವಿಡುವಂತೆ ಆಕೆಗೆ ತಿಳಿಸಿ ಮುಂದೆ ಸಾಗಿದರು. ಹಿಂದಿರುಗುವಾಗ ಮರೆಯದೆ ವಿಚಾರಿಸಿದರು. ಹತ್ತು ವಸಕ್ ಬಂದಿತ್ತು. ತಾವು ಹೇಳಿದ ಬೆಲೆಯನ್ನು ವಾಸ್ತವದೊಂದಿಗೆ ತಾಳೆ ನೋಡುವ ಮಾದರಿ ಇದರಲ್ಲಿದೆ. ನಮ್ಮಲ್ಲಿ ವರದಿ ಕೊಟ್ಟು ಶುಲ್ಕ ಪಡೆದ ಮೇಲೆ ತಿರುಗಿ ನೋಡುವವರು ಎಷ್ಟು ಮಂದಿ?

ಬೆಲೆ ಇಳಿಸುವುದು ಮಾತ್ರ ಪಾಪ, ಏರಿಸಿ ಬರೆದರೆ ಉಪಕಾರವೆಂದು ಕೆಲವರು ಭಾವಿಸುತ್ತಾರೆ. ಚನ್ನರಾಯಪಟ್ಟಣದಲ್ಲಿ ಹತ್ತು ಲಕ್ಷದ ನಿವೇಶನವನ್ನು ಇಪ್ಪತ್ತೈದು ಲಕ್ಷವೆಂದು ಬರೆದುಕೊಟ್ಟರೆ ಬ್ಯಾಂಕಿನಲ್ಲಿ ದೊಡ್ಡ ಸಾಲ ಹುಟ್ಟುತ್ತದೆ. ಬಡ್ಡಿಯ ವಿಷಯ ಬೇರೆಯೇ ಇದೆ, ಇಲ್ಲಿ ಮಾತು ಬೆಲೆಯ ಸುಳ್ಳನ್ನು ಕುರಿತದ್ದು. ವ್ಯಾಪಾರ ಕೈಕೊಟ್ಟ ದಿನ ನಿವೇಶನ ಹರಾಜಿಗೆ ಬರುತ್ತದೆ. ಹರಾಜಿನಲ್ಲಿ ಅದರ ನಿಜವಾದ ಬೆಲೆಯಷ್ಟೇ ಸಿಗುತ್ತದೆ. ನಿವೇಶನವೂ ಹೋಯಿತು, ಸಾಲವೂ ಉಳಿಯಿತು, ಜಾಮೀನು ಹಾಕಿದ ಭಾವನೋ ಸ್ನೇಹಿತನೋ ಬೀದಿಗೆ ಬಂದರು. ಉಪಕಾರವೆಂದು ಏರಿಸಿದ ಅಂಕಿಯು ಒಂದು ಸಂಸಾರಕ್ಕೆ ಉರುಳಾಯಿತು.

ನೋಂದಣಿಯ ಸಂದರ್ಭವನ್ನೂ ನೋಡೋಣ. ಸರಕಾರದ ಮಾರ್ಗಸೂಚಿ ಬೆಲೆಗೆ ಕ್ರಯಪತ್ರ ಬರೆಸಿ ಉಳಿದುದನ್ನು ನಗದಾಗಿ ಕೈಬದಲಿಸುವುದು ಎಷ್ಟೋ ಜನರಿಗೆ ತಪ್ಪೆಂದೇ ತೋರುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯನ್ನು ಸ್ವಲ್ಪ ಗಮನಿಸಿರಿ. ಜಮೀನಿನ ಮಾರುಕಟ್ಟೆ ಬೆಲೆ ನಿರ್ಧರಿಸಲು ಅದು ನೋಡುವ ಆಧಾರಗಳಲ್ಲೊಂದು, ಆಸುಪಾಸಿನಲ್ಲಿ ಹಿಂದಿನ ಮೂರು ವರ್ಷ ನೋಂದಣಿಯಾದ ಕ್ರಯಪತ್ರಗಳು. ಅವುಗಳಲ್ಲಿ ಹೆಚ್ಚು ಬೆಲೆ ನಮೂದಾಗಿರುವ ಅರ್ಧದಷ್ಟನ್ನು ತೆಗೆದು ಸರಾಸರಿ ಹಿಡಿಯುತ್ತಾರೆ. ಊರಿನವರೆಲ್ಲ ಕಡಿಮೆ ಬರೆಸಿದ್ದರೆ, ನಾಳೆ ಹೆದ್ದಾರಿಗೋ ರೈಲು ದಾರಿಗೋ ನೆಲ ಬಿಟ್ಟುಕೊಡಬೇಕಾದ ನಿರಪರಾಧಿ ರೈತನ ಪರಿಹಾರ ಆ ಸುಳ್ಳು ಪತ್ರಗಳಿಂದಲೇ ಕುಗ್ಗುತ್ತದೆ. ಬರೆಸಿದವನು ಮುದ್ರಾಂಕ ಶುಲ್ಕದಲ್ಲಿ ನಾಲ್ಕು ಕಾಸು ಉಳಿಸಿದ. ಅದರ ದಂಡವನ್ನು ತೆತ್ತವನು ಅವನು ಮುಖವನ್ನೂ ಕಂಡಿರದ ನೆರೆಹಳ್ಳಿಯ ರೈತ.

ಈ ಕಸುಬಿಗೆ ನಮ್ಮ ದೇಶದ ಕಾನೂನು ಕೂಡಾ ನೀತಿ ಸಂಹಿತೆಯೊಂದನ್ನು ಹಾಕಿಕೊಟ್ಟಿದೆ. ಕಂಪೆನಿ ಕಾಯ್ದೆಯಡಿ 2017ರಲ್ಲಿ ಬಂದ ನೋಂದಾಯಿತ ಮೌಲ್ಯಮಾಪಕರ ನಿಯಮಗಳಲ್ಲಿ ಅದು ಸೇರಿದೆ. ಮೌಲ್ಯಮಾಪಕನು ಪ್ರಾಮಾಣಿಕನೂ ಸ್ವತಂತ್ರನೂ ಆಗಿರಬೇಕು, ಆಸ್ತಿಯಲ್ಲಿ ತನಗೆ ಹಿತಾಸಕ್ತಿಯಿದ್ದರೆ ಬಹಿರಂಗಪಡಿಸಬೇಕು, ಗುಟ್ಟು ಕಾಪಾಡಬೇಕು, ಕನಿಷ್ಠ ಮೂರು ವರ್ಷ ದಾಖಲೆಗಳನ್ನು ಇಟ್ಟುಕೊಳ್ಳಬೇಕು ಎಂಬುದು ಅದರ ಸಾರ. ಅವನಾಗಲಿ ಅವನ ಸಂಬಂಧಿಕರಾಗಲಿ ಅವನ ಸ್ವಾತಂತ್ರ್ಯಕ್ಕೆ ಧಕ್ಕೆ ತರುವಂತಹ ಉಡುಗೊರೆ, ಆತಿಥ್ಯಗಳನ್ನು ಸ್ವೀಕರಿಸಕೂಡದೆಂದೂ ಅದರಲ್ಲಿದೆ.

ಇದನ್ನು ಓದುವಾಗ ಇಬ್ನುಲ್ಲುತ್ಬಿಯ್ಯಃರ ಪ್ರಸಂಗ ನೆನಪಾಗುತ್ತದೆ. ಝಕಾತ್ ವಸೂಲಿಗೆ ಹೋಗಿ ಬಂದ ಅವರು, ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ ಎಂದಾಗ, ತಂದೆತಾಯಿಯ ಮನೆಯಲ್ಲಿ ಕುಳಿತಿದ್ದರೆ ಈ ಉಡುಗೊರೆ ಹುಡುಕಿಕೊಂಡು ಬರುತ್ತಿತ್ತೇ ಎಂದು ಪ್ರವಾದಿಯವರು(ಸ) ಜನರ ಮುಂದೆಯೇ ಪ್ರಶ್ನಿಸಿದರು (ಬುಖಾರಿ, ಮುಸ್ಲಿಮ್). ಲಕೋಟೆ ಪಡೆಯುವ ಪ್ರತಿಯೊಬ್ಬನೂ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಲಂಚ ಮುಟ್ಟದಿದ್ದರೆ ಸಾಕೇ? ಸಾಲದು. ನ್ಯಾಯ ತೀರ್ಮಾನಿಸುವವರು ಮೂರು ಬಗೆಯವರು, ಅವರಲ್ಲಿ ಇಬ್ಬರು ನರಕಕ್ಕೆ ಅರ್ಹರು ಎಂಬ ಹದೀಸನ್ನು ಅಬೂದಾವೂದ್ ವರದಿ ಮಾಡಿರುವರು. ಒಬ್ಬನು ಸತ್ಯ ತಿಳಿದೂ ಅನ್ಯಾಯ ಮಾಡಿದವನು. ಇನ್ನೊಬ್ಬನು ಏನೂ ತಿಳಿಯದೆ ತೀರ್ಪು ಕೊಟ್ಟವನು. ಜಾಗಕ್ಕೆ ಹೋಗದೆ ಕುರ್ಚಿಯಲ್ಲಿ ಕುಳಿತೇ ಬೆಲೆ ಬರೆಯುವವನು, ಹದ್ದುಬಸ್ತು ನೋಡದೆ, ಖರಾಬು ಎಷ್ಟೆಂದು ವಿಚಾರಿಸದೆ, ಬೋರ್‌ವೆಲ್‌ನಲ್ಲಿ ನೀರಿದೆಯೇ ಇಲ್ಲವೇ ಎಂದು ಕೇಳದೆ ಸಹಿ ಹಾಕುವವನು ಈ ಎರಡನೆಯವನ ದಾರಿಯಲ್ಲಿದ್ದಾನೆ. ಗೊತ್ತಿಲ್ಲವೆಂದು ಹೇಳಿ ಕೆಲಸ ಬಿಟ್ಟುಕೊಡುವುದು ಅವಮಾನವಲ್ಲ, ಅದು ತಕ್ವಾ.

ಸಹೋದರರೇ, ಈ ಮಾತು ಪದವಿ ಪಡೆದ ಮೌಲ್ಯಮಾಪಕರಿಗೆ ಮಾತ್ರ ಸೀಮಿತವಲ್ಲ. ಜಮೀನಿನ ದಲ್ಲಾಳಿ, ಪಂಚಾಯ್ತಿಗೆ ಕೂರುವ ಹಿರಿಯರು, ನೆರೆಯವನು ಬಂದು "ಈ ಜಾಗಕ್ಕೆ ಎಷ್ಟು ಕೊಡಬಹುದಣ್ಣ?" ಎಂದು ಕೇಳಿದಾಗ ಉತ್ತರಿಸುವ ನಾವು ನೀವು, ಎಲ್ಲರೂ ಒಂದಲ್ಲ ಒಂದು ದಿನ ಬೆಲೆ ಕಟ್ಟುವವರೇ. ಜರೀರ್ ಬಿನ್ ಅಬ್ದುಲ್ಲಾಹ್(ರ)ರಿಗಾಗಿ ಮುನ್ನೂರು ದಿರ್ಹಮ್‌ಗೆ ಒಂದು ಕುದುರೆಯ ಮಾತುಕತೆಯಾಗಿತ್ತು. ಅವರು ಕುದುರೆಯನ್ನು ನೋಡಿ, ಇದು ಅದಕ್ಕಿಂತ ಬೆಲೆಬಾಳುತ್ತದೆಂದು ಮಾರುವವನಿಗೆ ತಾವೇ ಹೇಳಿ, ಬೆಲೆಯನ್ನು ಏರಿಸುತ್ತಾ ಹೋಗಿ ಎಂಟುನೂರು ಕೊಟ್ಟರು. ಎಲ್ಲ ಮುಸ್ಲಿಮರ ಹಿತ ಬಯಸುವೆನೆಂದು ಪ್ರವಾದಿಯವರ(ಸ) ಕೈಯಲ್ಲಿ ಮಾಡಿದ ಪ್ರತಿಜ್ಞೆಯೇ ಅದಕ್ಕೆ ಕಾರಣವೆಂದರು. ಅಷ್ಟು ಎತ್ತರಕ್ಕೆ ನಾವು ಏರಲಾರೆವೇನೋ. ಕನಿಷ್ಠ ಪಕ್ಷ ಕೇಳಿದವನಿಗೆ ಸತ್ಯವನ್ನಾದರೂ ಹೇಳಬಹುದಲ್ಲವೇ?

ನುಗ್ಗೇಹಳ್ಳಿಯಲ್ಲಿ ಹೊಯ್ಸಳರ ಕಾಲದ, 1246ರಲ್ಲಿ ದಂಡನಾಯಕ ಬೊಮ್ಮಣ್ಣನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅಲ್ಲಿ ಕೆಲಸ ಮಾಡಿದ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಾವು ಕೆತ್ತಿದ್ದರ ಕೆಳಗೆ ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಏಳುನೂರೈವತ್ತು ವರ್ಷಗಳಾದರೂ ಯಾರ ಕೈಯ ಕೆಲಸ ಯಾವುದೆಂದು ಓದಿ ಹೇಳಬಹುದು. ಬೆಲೆ ಕಟ್ಟುವವನು ಕಾಗದದ ಕೊನೆಯಲ್ಲಿ ಹಾಕುವ ಸಹಿಯೂ ಹಾಗೆಯೇ. ಕಾಗದ ಕಡತದಲ್ಲಿ ಹರಿದುಹೋಗಬಹುದು, ಗೆದ್ದಲು ತಿನ್ನಬಹುದು. ಆದರೆ ಚಿಕ್ಕದನ್ನೂ ದೊಡ್ಡದನ್ನೂ ಬಿಡದೆ ದಾಖಲಿಸುವ ಗ್ರಂಥವೊಂದು ಅಂತಿಮ ದಿನದಂದು ತೆರೆಯಲಿದೆ. ಆ ದಿನ ನಾಲ್ಕು ಲಕ್ಷ ಕಳೆದುಕೊಂಡ ತಂಗಿಗೆ ತನ್ನ ಪಾಲು ಎಲ್ಲಿ ಹೋಯಿತೆಂದು ತಿಳಿಯುತ್ತದೆ. ಅಂದು ಕೊಡಲು ನಮ್ಮ ಬಳಿ ರೂಪಾಯಿ ಇರುವುದಿಲ್ಲ, ನಮ್ಮ ಪುಣ್ಯಗಳನ್ನೇ ಕೊಡಬೇಕಾಗುತ್ತದೆ.

ಯಾರದಾದರೂ ಪಾಲನ್ನು ನಮ್ಮ ಮಾತಿನಿಂದ, ನಮ್ಮ ಸಹಿಯಿಂದ ಕುಗ್ಗಿಸಿದ್ದರೆ ಅದನ್ನು ಸರಿಪಡಿಸಲು ಇಂದೇ ಸಮಯವಿದೆ. ಆ ಮನೆಯ ಬಾಗಿಲಿಗೆ ಹೋಗಿ ನಿಜವನ್ನು ಹೇಳೋಣ. ಸತ್ಯದ ತಕ್ಕಡಿಯನ್ನು ಎತ್ತಿ ಹಿಡಿಯುವ ಕೈಗಳನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.