ಸಾಲಗಾರನ ಕೈಗೆ ಕೀಲಿಕೈ

ಕಳೆದ ತಿಂಗಳು ಕಾಪುವಿನ ಗೆಳೆಯನೊಬ್ಬ ಮಣಿಪಾಲದ ನನ್ನ ರೂಮಿಗೆ ಬಂದಿದ್ದ. ಬ್ಯಾಂಕ್ ಪರೀಕ್ಷೆ ಪಾಸಾಗಿ, ಕೆಲಸಕ್ಕೆ ಸೇರುವ ಮೊದಲಿನ ಕಾಗದಪತ್ರ ತುಂಬುತ್ತಿದ್ದ. ಅಪ್ಪನಿಗೆ ಆಪರೇಷನ್ ಆದ ವರ್ಷ ಅವನ ಶಿಕ್ಷಣ ಸಾಲದ ಕಂತುಗಳು ನಿಂತುಹೋಗಿದ್ದವು. “ಹೇಳದೆ ಬಿಟ್ರೆ ಗೊತ್ತಾಗ್ತದಾ ಮಾರಾಯ?” ಎಂದು ಕೇಳಿದ. ಫೆಲೋಶಿಪ್ ತಡವಾದಾಗ ನಾನೂ ಕಂತು ತಪ್ಪಿಸಿದವನೇ. ತಕ್ಷಣ ಉತ್ತರ ಹೊಳೆಯಲಿಲ್ಲ.

ಗೊತ್ತಾಗುತ್ತದೆ. ನಮ್ಮ ಸಾಲದ ಚರಿತ್ರೆ ಈಗ 300ರಿಂದ 900ರೊಳಗಿನ ಒಂದು ಅಂಕೆ. ಬ್ಯಾಂಕ್ ನೇಮಕಾತಿಯ ಅಧಿಸೂಚನೆಗಳು ಅಭ್ಯರ್ಥಿಯ ಸಾಲದ ದಾಖಲೆ ಚೆನ್ನಾಗಿರಬೇಕೆಂದು ಹೇಳುತ್ತವೆ. ಸಾಲದ ದಾಖಲೆ ಸರಿಯಿಲ್ಲವೆಂದು ಸ್ಟೇಟ್ ಬ್ಯಾಂಕ್ ಒಬ್ಬರ ನೇಮಕಾತಿಯನ್ನು ರದ್ದುಮಾಡಿದ್ದನ್ನು 2025ರಲ್ಲಿ ಮದ್ರಾಸ್ ಹೈಕೋರ್ಟ್ ಎತ್ತಿಹಿಡಿಯಿತು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 17ನೆಯದು ಸದಾ ಸಾಲದಲ್ಲಿರುವುದನ್ನೇ ತಪ್ಪೆನ್ನುತ್ತದೆ; ಸಾಲ ಕೈಮೀರಿದ ಕಾರಣದಿಂದ ಆದದ್ದು, ದುಂದುವೆಚ್ಚದಿಂದಲ್ಲ ಎಂದು ಸಾಬೀತುಪಡಿಸುವ ಹೊಣೆ ನೌಕರನದೇ. ಅಮೆರಿಕದಲ್ಲಿ ರಕ್ಷಣಾ ರಹಸ್ಯಗಳನ್ನು ನೋಡುವ ಅನುಮತಿ ಕೊಡುವ ಮೊದಲೂ ತೀರದ ಸಾಲಗಳನ್ನು ಪರಿಶೀಲಿಸುತ್ತಾರೆ.

ಇದರ ಹಿಂದೆ ಎರಡು ಬೇರೆಬೇರೆ ವಾದಗಳಿವೆ. ಸಾಲ ತೀರಿಸದವನು ಶಿಸ್ತಿಲ್ಲದವನು ಎನ್ನುವುದು ಒಂದು. ಅವನೆಷ್ಟೇ ಒಳ್ಳೆಯವನಾದರೂ ಒತ್ತಡದಲ್ಲಿರುತ್ತಾನೆ, ಅವನನ್ನು ಕೊಳ್ಳುವುದು ಸುಲಭ ಎನ್ನುವುದು ಇನ್ನೊಂದು. ಮೊದಲನೆಯದು ನಿನ್ನೆಯ ಬಗ್ಗೆ ಕೊಡುವ ತೀರ್ಪು, ಎರಡನೆಯದು ನಾಳೆಯ ಬಗೆಗಿನ ಭಯ.

ಮೊದಲ ವಾದಕ್ಕೆ ನಮ್ಮೂರಿನ ಯಕ್ಷಗಾನವೇ ಉತ್ತರ ಕೊಡುತ್ತದೆ. ಹರಿಶ್ಚಂದ್ರ ದೊಡ್ಡ ಸಾಲಗಾರ. ವಿಶ್ವಾಮಿತ್ರನಿಗೆ ಕೊಡಬೇಕಾದದ್ದನ್ನು ಕೊಡಲಾಗದೆ ಹೆಂಡತಿ ಮಗನನ್ನು ಮಾರಿದ, ತನ್ನನ್ನೂ ಮಾರಿಕೊಂಡ. ಆದರೆ ಸ್ಮಶಾನದ ಕಾವಲು ಅವನ ಕೈಗೆ ಬಂದಾಗ, ಸತ್ತ ಮಗನನ್ನು ಹೊತ್ತು ತಂದ ಹೆಂಡತಿಯಲ್ಲೂ ಒಡೆಯನ ಸುಂಕ ಕೇಳಿದ. ಸಾಲದ ದಾಖಲೆ ನೋಡಿ ನೇಮಿಸುವುದಾಗಿದ್ದರೆ ಆ ಕೆಲಸ ಅವನಿಗೆ ಸಿಗುತ್ತಿರಲಿಲ್ಲ. ಎಲ್ಲ ಸಾಲಗಾರರೂ ಹರಿಶ್ಚಂದ್ರರಲ್ಲ, ನಿಜ. ಸಾಲ ಮಾಡಿ ಮೋಜು ಮಾಡುವವರೂ ಇದ್ದಾರೆ. ಹಾಗಾಗಿಯೇ ಕೇಳಬೇಕಾದದ್ದು ಸಾಲ ಎಷ್ಟು ಎಂದಲ್ಲ. ಹೇಗೆ ಆಯಿತು, ಆದಮೇಲೆ ಇವನು ಹೇಗೆ ನಡೆದುಕೊಂಡ ಎಂದು. ಅಮೆರಿಕದ ನಿಯಮಗಳೂ ಕೆಲಸ ಹೋದದ್ದು, ಕಾಯಿಲೆ ಬಂದದ್ದು ಇವನ್ನೆಲ್ಲ ಗಣನೆಗೆ ತೆಗೆದುಕೊಳ್ಳುತ್ತವೆ. ಬರೀ ಅಂಕೆ ಇದನ್ನು ಹೇಳಲಾರದು.

ಎರಡನೆಯ ವಾದ ಗಟ್ಟಿಯಾದದ್ದು. ಒತ್ತಡ ಮನುಷ್ಯನನ್ನು ಬಗ್ಗಿಸುತ್ತದೆ. ಆದರೆ ಬೆದರಿಸುವವನಿಗೆ ಬೇಕಾದದ್ದು ಸಾಲಕ್ಕಿಂತ ಹೆಚ್ಚಾಗಿ ಸಾಲದ ಗುಟ್ಟು. ಎಲ್ಲರಿಗೂ ಗೊತ್ತಿರುವುದನ್ನು ಹೇಳಿಬಿಡುತ್ತೇನೆಂದು ಯಾರನ್ನು ಹೆದರಿಸಲು ಸಾಧ್ಯ? ನಿಜ ಹೇಳಿದವನನ್ನೂ ಮುಚ್ಚಿಟ್ಟವನನ್ನೂ ಒಂದೇ ಬಾಗಿಲಿನಿಂದ ಹೊರಗೆ ಕಳಿಸಿದರೆ, ಮುಂದೆ ಬರುವವರೆಲ್ಲ ಮುಚ್ಚಿಡಲು ಕಲಿಯುತ್ತಾರೆ. ಯಾವುದಕ್ಕೆ ಹೆದರಿ ನಿಯಮ ಮಾಡಿದೆವೋ ಅದನ್ನು ನಿಯಮವೇ ಬೆಳೆಸುತ್ತದೆ.

ಉಡುಪಿಯವರಿಗೆ ಈ ಮಾತು ಹೊಸದಾಗಬಾರದು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು ಇಲ್ಲೇ. 1928ರಲ್ಲಿ ಶುರುವಾದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆರಡಾಣೆ ಉಳಿಸಿದ ಬಡವರು ಆ ನಾಣ್ಯಗಳನ್ನು ಮನೆಬಾಗಿಲಿಗೆ ಬಂದ ಏಜೆಂಟರ ಕೈಗೆ ಹಾಕಿದರು. ಅವರ ಬಳಿ ಏಜೆಂಟರ ಸಾಲದ ಅಂಕೆ ಇರಲಿಲ್ಲ. ದಿನವೂ ಕಾಣುವ ಮುಖ ಇತ್ತು, ಬರೆದುಕೊಡುವ ಪುಸ್ತಕ ಇತ್ತು. ಅಂದು ಬಡವರು ಬ್ಯಾಂಕನ್ನು ನಂಬಿದರು. ಇಂದು ಆ ಮನೆಗಳ ಮಗನೊಬ್ಬನನ್ನು ನಂಬುವ ಸರದಿ ಬ್ಯಾಂಕಿನದು.

ಗೆಳೆಯನಿಗೆ ನಾನು ಹೇಳಿದ್ದಿಷ್ಟೇ: ಎಲ್ಲವನ್ನೂ ಬರೆ, ಆಸ್ಪತ್ರೆಯ ಬಿಲ್ಲನ್ನೂ ಜೊತೆಗಿಡು. ಸಲಹೆ ಕೊಡುವುದು ಸುಲಭ, ಕೆಲಸ ಹೋಗುವುದಿದ್ದರೆ ಅವನದು ಎಂಬುದು ನನಗೆ ಗೊತ್ತಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಬರೆಯತೊಡಗಿದ. ಉತ್ತರ ಇನ್ನೂ ಬಂದಿಲ್ಲ.