ಬಾಗಿಲು ಮುಚ್ಚಿದರೂ ಕಾಯಕ ನಿಲ್ಲದಿರಲಿ



ಈ ಸಲ ಉಪದೇಶಕ್ಕಿಂತ ಮೊದಲು ನಮ್ಮ ತಪ್ಪನ್ನೇ ನಿಮ್ಮ ಮುಂದೆ ಇಡುತ್ತೇವೆ. 2021ರ ಏಪ್ರಿಲ್ ತಿಂಗಳು. ಕೊರೋನಾದ ಎರಡನೆಯ ಅಲೆ ಊರೂರಿಗೆ ಹಬ್ಬಿತ್ತು. ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಹಿರಿಯರು ಜ್ವರದಿಂದ ಆಸ್ಪತ್ರೆ ಸೇರಿದರು. ಉಗ್ರಾಣದ ಕೀಲಿಕೈ ಅವರ ಉಡಿದಾರದಲ್ಲಿ ಹೋಯಿತು. ಬೇಳೆ ಯಾವ ಅಂಗಡಿಯಿಂದ ಬರುತ್ತದೆ, ಯಾರ ಬಾಕಿ ಎಷ್ಟಿದೆ, ಯಾವ ಭಕ್ತರು ಎಷ್ಟು ಚೀಲ ಜೋಳ ಒಪ್ಪಿಕೊಂಡಿದ್ದಾರೆ ಎಂಬುದೆಲ್ಲ ಅವರ ತಲೆಯಲ್ಲಿತ್ತು, ಕಾಗದದಲ್ಲಿ ಇರಲಿಲ್ಲ. ಅಡುಗೆಯವರೂ ಅವರ ಜೊತೆ ಒಡನಾಡಿದವರೆಂದು ಮನೆಯಲ್ಲಿ ಉಳಿದರು. ಮೂರು ದಿನ ದಾಸೋಹದ ಒಲೆ ಹೊತ್ತಲಿಲ್ಲ. ಒಂಟಿ ಮುದುಕಿಯರು, ಹೋಟೆಲು ಮುಚ್ಚಿದ್ದರಿಂದ ಹಸಿದ ಲಾರಿಯವರು ಮಠದ ಬಾಗಿಲ ತನಕ ಬಂದು ಹಾಗೇ ತಿರುಗಿದರು. ಒಳಗೆ ಧಾನ್ಯವಿತ್ತು, ಹೊರಗೆ ಹಸಿವಿತ್ತು. ನಡುವೆ ಇಲ್ಲದ್ದು ಸಿದ್ಧತೆ ಮಾತ್ರ.

ಆ ಹಿರಿಯರು ಗುಣವಾಗಿ ಬಂದರು. ಬಂದವರೇ ಕೇಳಿದ ಮೊದಲ ಮಾತು, "ಅಪ್ಪಾರ, ದಾಸೋಹ ನಿಂತಿಲ್ಲಲ್ರೀ?" ನಾವು ತಲೆ ತಗ್ಗಿಸಿದೆವು. ಅಂದಿನ ನಾಚಿಕೆಯೇ ಇಂದು ಈ ಮಾತುಗಳನ್ನು ಬರೆಸುತ್ತಿದೆ.

ಶರಣ ಬಂಧುಗಳೇ, ನಮ್ಮ ಧರ್ಮದ ಎರಡು ಕಾಲುಗಳು ಕಾಯಕ ಮತ್ತು ದಾಸೋಹ. ಒಂದು ಕುಂಟಿದರೆ ಇನ್ನೊಂದು ನಡೆಯಲಾರದು. ಬೇನೆಯ ಕಾಲದಲ್ಲಿ ಕೆಲವರು ನಮ್ಮನ್ನು ಕೇಳಿದ್ದುಂಟು: "ಕಾಯಕ ಬಿಡಬಾರದೆಂದು ಹೇಳುತ್ತೀರಿ. ಹಾಗಾದರೆ ಜ್ವರ ಬಂದರೂ ಅಂಗಡಿ ತೆಗೆಯಬೇಕೇ?" ಬೇಡ. ಕಾಯಕವೆಂಬುದು ಸಮಾಜಕ್ಕೆ ಸಲ್ಲಿಸುವ ಸೇವೆ. ಗಿರಾಕಿಗೆ ಸಕ್ಕರೆಯ ಜೊತೆ ರೋಗವನ್ನೂ ತೂಗಿಕೊಟ್ಟರೆ ಅದು ಸೇವೆಯಾಗದು. ಜ್ವರ ಬಂದವನು ಮನೆಯಲ್ಲಿ ಉಳಿಯುವುದೇ ಆ ದಿನದ ಅವನ ಕಾಯಕ. ಆದರೆ ಅವನು ಉಳಿದಾಗ ಅವನ ಕೆಲಸ ಮತ್ತೊಬ್ಬರ ಕೈಯಿಂದ ಸಾಗುವಂತೆ ಮೊದಲೇ ವ್ಯವಸ್ಥೆ ಮಾಡಿರಬೇಕು. ಈ ವ್ಯವಸ್ಥೆಗೇ ನಾವು ಸಿದ್ಧತೆ ಎನ್ನುತ್ತೇವೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡು ಇಡೀ ಪ್ರಾಂತಕ್ಕೆ ಹರಡಿತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಮನೆಯಲ್ಲಿ ಇಲಿ ಬಿದ್ದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಬೇಸಾಯ ನಿಲ್ಲುತ್ತಿರಲಿಲ್ಲ, ದನಕ್ಕೆ ಮೇವು ತಪ್ಪುತ್ತಿರಲಿಲ್ಲ. ಬದುಕು ಜಾಗ ಬದಲಿಸುತ್ತಿತ್ತು, ನಿಲ್ಲುತ್ತಿರಲಿಲ್ಲ. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಮತ್ತೆ ಪ್ಲೇಗಿನ ಸುದ್ದಿ ಎದ್ದಾಗ ಲಕ್ಷಾಂತರ ಜನ ರೈಲು, ಬಸ್ಸು ಹತ್ತಿ ಓಡಿದರು. ಮಗ್ಗಗಳು, ವಜ್ರ ಉಜ್ಜುವ ಕಾರಖಾನೆಗಳು ಬಣಗುಟ್ಟಿದವು. ಮುಂದಿನ ಒಂದೆರಡು ವರ್ಷಗಳಲ್ಲಿ ಅದೇ ನಗರ ಕಸ ಎತ್ತುವ, ಗಟಾರ ತೊಳೆಯುವ ಶಿಸ್ತು ಕಲಿತು ಹೆಸರು ಮಾಡಿತು. ಓಡಿಹೋಗುವುದು ಸಿದ್ಧತೆಯಲ್ಲ. ಬೇನೆ ಹೋದ ಮೇಲೆ ಅದನ್ನು ಮರೆಯುವುದೂ ಸಿದ್ಧತೆಯಲ್ಲ.

ನೆರೆಯ ಪಂಢರಪುರದ ಉದಾಹರಣೆ ನೋಡಿರಿ. 2020ರ ಆಷಾಢದಲ್ಲಿ ಕಾಲ್ನಡಿಗೆಯ ವಾರಿ ನಡೆಯಲಿಲ್ಲ. ಸಂತರ ಪಾದುಕೆಗಳು ಸರಕಾರಿ ಬಸ್ಸಿನಲ್ಲಿ, ಕೆಲವೇ ಜನರ ಜೊತೆ ಬಂದವು. ರೂಪ ಬದಲಾಯಿತು, ನಿಷ್ಠೆ ಬದಲಾಗಲಿಲ್ಲ. ವ್ಯಾಪಾರದಲ್ಲಿಯೂ ಇದೇ ದಾರಿ.

ಇನ್ನು ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು, ಎರಡನೆಯ ಕೈ. ನಿಮ್ಮ ಅಡತಿ ಅಂಗಡಿಯಲ್ಲಾಗಲಿ ಕಿರಾಣಿಯಲ್ಲಾಗಲಿ, ಒಬ್ಬರಿಗೆ ಮಾತ್ರ ಗೊತ್ತಿರುವ ಕೆಲಸ ಯಾವುದೂ ಇರಬಾರದು. ಖರೀದಿ, ತೂಕ, ಲೆಕ್ಕ, ವಸೂಲಿ, ಪ್ರತಿಯೊಂದನ್ನೂ ಇನ್ನೊಬ್ಬರು ಕಲಿತಿರಲಿ. ಆ ಇನ್ನೊಬ್ಬರು ಮನೆಯ ಹೆಣ್ಣುಮಗಳೇ ಆಗಿದ್ದರೆ ಬಹಳ ಒಳ್ಳೆಯದು. ಶರಣೆಯರು ಅನುಭವ ಮಂಟಪದಲ್ಲಿ ಕೂತು ಮಾತಾಡಿದ ಪರಂಪರೆ ನಮ್ಮದು. ಗಲ್ಲಾದ ಮುಂದೆ ಕೂರಲು ಅವರಿಗೆ ಅಡ್ಡಿ ಏನು? ವರ್ಷಕ್ಕೆರಡು ಸಲ ಯಜಮಾನರು ನಾಲ್ಕು ದಿನ ಅಂಗಡಿಗೆ ಹೋಗದೆ ಇದ್ದು ನೋಡಲಿ. ಎಲ್ಲಿ ತಡವರಿಸುತ್ತದೆ ಎಂಬುದು ಆಗ ತಾನೇ ಗೊತ್ತಾಗುತ್ತದೆ.

ಎರಡನೆಯದು, ಲೆಕ್ಕ. ಉದ್ರಿ ಯಾರಿಗೆ ಎಷ್ಟು, ನಾವು ಕೊಡಬೇಕಾದದ್ದು ಎಷ್ಟು, ಸಾಲದ ಕಂತು ಎಂದು, ವಿಮೆಯ ಕಾಗದ ಎಲ್ಲಿ, ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದು ಮನೆಯವರಿಗೆ ತೋರಿಸಿಡಿರಿ. ಈಗ ಹಣವೆಲ್ಲ ಫೋನಿನ ಮೂಲಕ ಓಡಾಡುತ್ತದೆ. ಆ ಫೋನು ಯಜಮಾನರ ಜೊತೆ ಆಸ್ಪತ್ರೆಗೆ ಹೋದರೆ ಹಮಾಲರ ಕೂಲಿಗೂ ಹಣ ಸಿಗುವುದಿಲ್ಲ. ಆದ್ದರಿಂದ ಬ್ಯಾಂಕಿನ ಖಾತೆಯಲ್ಲಿ ನಂಬಿಕೆಯ ಇನ್ನೊಬ್ಬರಿಗೂ ಸಹಿಯ ಅಧಿಕಾರ ಇರಲಿ, ವಾರಸುದಾರರ ಹೆಸರು ದಾಖಲಾಗಿರಲಿ. ಸಾವಿನ ಮಾತು ಅಪಶಕುನವೆಂದು ಇದನ್ನು ಮುಂದೂಡುವವರಿದ್ದಾರೆ. ಲಿಂಗೈಕ್ಯವನ್ನು ಮಹಾನವಮಿಯೆಂದು ತಿಳಿದ ಶರಣರ ಮಕ್ಕಳಿಗೆ ಒಂದು ಸಹಿಗೆ ಅಂಜಿಕೆ ಏಕೆ?

ಮೂರನೆಯದು, ಆಪತ್ತಿನ ಗಂಟು. ಒಂದು ತಿಂಗಳ ಬಾಡಿಗೆ, ಪಗಾರ, ವಿದ್ಯುತ್ ಬಿಲ್ಲು ಇಷ್ಟಕ್ಕೆ ಸಾಲುವ ಹಣ ಮುಟ್ಟದಂತೆ ಬೇರೆ ಇರಲಿ. 2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ ಆಯಿತು. 25ರಿಂದ 21 ದಿನಗಳ ಲಾಕ್‌ಡೌನ್ ಶುರುವಾಯಿತು. ಅದು ಬೆಳೆಯುತ್ತ ಬೆಳೆಯುತ್ತ ಮೇ ತಿಂಗಳ ಕೊನೆಗೆ ಬಂದು ನಿಂತಿತು. ಒಂದೇ ಸಲ ಅಷ್ಟು ಕೂಡಿಡಲು ಆಗದವರು ವಾರದ ಸಂತೆಯ ಲಾಭದಲ್ಲಿ ಸ್ವಲ್ಪ ಸ್ವಲ್ಪ ತೆಗೆದಿಡಲಿ.

ನಾಲ್ಕನೆಯದು ನಮ್ಮಂಥ ಗಡಿಯವರಿಗೆ ವಿಶೇಷ. ನಮ್ಮ ಬೀಗರು ಆಚೆ, ಹೊಲ ಈಚೆ. ಮಾಲು ವಿಜಯಪುರದಿಂದ, ಗಿರಾಕಿ ಸೊಲ್ಲಾಪುರದಿಂದ. ಸುಖದ ಕಾಲದಲ್ಲಿ ಗಡಿ ಕಾಣಿಸುವುದಿಲ್ಲ, ಬೇನೆ ಬಂದರೆ ಅದು ಗೋಡೆಯಾಗುತ್ತದೆ. 2021ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಹೋಗುವವರು ರೋಗವಿಲ್ಲವೆಂಬ ಪರೀಕ್ಷೆಯ ಚೀಟಿ ತೋರಿಸಬೇಕಾಯಿತು. ಆದ್ದರಿಂದ ಪ್ರತಿಯೊಂದು ಮುಖ್ಯ ಮಾಲಿಗೂ ಗಡಿಯ ಎರಡೂ ಕಡೆ ಒಬ್ಬೊಬ್ಬ ವ್ಯಾಪಾರಿಯ ಪರಿಚಯ ಇಟ್ಟುಕೊಳ್ಳಿರಿ. ವಾಹನದ ಕಾಗದ, ಅಂಗಡಿಯ ಪರವಾನಗಿ, ಏಳು ಬಾರಾ ಉತಾರೆ ಕೈಗೆ ಸಿಗುವ ಹಾಗಿರಲಿ.

ಐದನೆಯದು, ರೋಗದ ದಾರಿ ತಿಳಿಯುವುದು. ಎಲ್ಲ ಬೇನೆಗೂ ಒಂದೇ ಬೇಲಿ ಸಾಲದು. ಕಾಲರಾ, ವಾಂತಿಭೇದಿ ನೀರಿನಿಂದ ಬರುತ್ತವೆ: ಅಂಗಡಿಯ ಕುಡಿಯುವ ನೀರನ್ನು ಕುದಿಸಿ ಆರಿಸಿ ಇಡಿರಿ, ಕೈತೊಳೆಯಲು ಸಾಬೂನು ಇಡಿರಿ. ಡೆಂಗ್ಯೂ ಸೊಳ್ಳೆಯಿಂದ ಬರುತ್ತದೆ: ಹಿತ್ತಲಿನ ಡಬ್ಬಿ, ಹಳೆಯ ಟಾಯರು, ಕೂಲರಿನಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿರಿ. ಕೊರೋನಾ, ಫ್ಲೂ ಉಸಿರಿನಿಂದ ಹರಡುತ್ತವೆ: ಕಿಟಕಿ ಬಾಗಿಲು ತೆರೆದಿರಲಿ, ಮುಖಕ್ಕೆ ಮಾಸ್ಕು ಇರಲಿ, ಗಿರಾಕಿಗಳು ಒಳಗೆ ನುಗ್ಗದೆ ಕಟ್ಟೆಯಾಚೆ ನಿಂತು ಚೀಟಿ ಕೊಟ್ಟು ಮಾಲು ಒಯ್ಯಲಿ. ಲಸಿಕೆ ಇರುವ ರೋಗಕ್ಕೆ ಲಸಿಕೆ ಹಾಕಿಸಿಕೊಳ್ಳಿರಿ. ಗಾಳಿಸುದ್ದಿ ನಂಬದೆ ಡಾಕ್ಟರರ ಮಾತು ಕೇಳಿರಿ. ವಿಭೂತಿ ಮನಸ್ಸಿಗೆ ಧೈರ್ಯ ಕೊಡುತ್ತದೆ. ಔಷಧಿಯ ಕೆಲಸವನ್ನು ಔಷಧಿಯೇ ಮಾಡಬೇಕು.

ಒಕ್ಕಲುತನದವರಿಗೂ ಒಂದು ಮಾತು. ಆ ಲಾಕ್‌ಡೌನಿನಲ್ಲಿ ಸಾಂಗಲಿ, ವಿಜಯಪುರ ಭಾಗದಲ್ಲಿ ದ್ರಾಕ್ಷಿ ಕೊಯ್ಲಿಗೆ ಬಂದಿತ್ತು, ಕೊಳ್ಳುವವರಿರಲಿಲ್ಲ. ಎಷ್ಟೋ ರೈತರು ಹಣ್ಣನ್ನು ಒಣಗಿಸಿ ಬೇದಾಣಾ ಮಾಡಿದರು. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಶೆಡ್ಡಿನ ನೆರಳಿನಲ್ಲಿ ಎರಡು ವಾರ. ಹಸಿಯಾಗಿದ್ದರೆ ಕೊಳೆಯುವುದು, ಒಣಗಿದರೆ ತಿಂಗಳುಗಟ್ಟಲೆ ಕಾಯುವುದು. ನಿಮ್ಮ ಬೆಳೆ ಪೇಟೆ ಮುಟ್ಟದಿದ್ದರೆ ಎರಡನೆಯ ದಾರಿ ಯಾವುದು ಎಂಬುದನ್ನು ಬಿತ್ತುವಾಗಲೇ ಯೋಚಿಸಿರಿ.

ಕೊನೆಯದಾಗಿ ಎರಡು ಕಟ್ಟುನಿಟ್ಟಿನ ಮಾತು. ಸಿದ್ಧತೆಯೆಂದರೆ ಅಡಗಿಸಿಡುವುದಲ್ಲ. ಆಯ್ದಕ್ಕಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದಳು. ಹದಿನೈದು ದಿನದ ಮಾಲು ಇಟ್ಟುಕೊಳ್ಳುವುದು ವಿವೇಕ. ಊರಿನ ಎಣ್ಣೆಯನ್ನೆಲ್ಲ ಗೋದಾಮಿಗೆ ತುಂಬಿ ದರ ಏರಲೆಂದು ಕಾಯುವುದು, ಹಸಿದವರ ತಟ್ಟೆಯಿಂದ ಕದ್ದಂತೆ. ಬೇನೆಯಲ್ಲಿ ಗಳಿಸಿದ ಅಂಥ ಹಣವನ್ನು ಮಠಕ್ಕೆ ತಂದರೂ ನಾವು ಮುಟ್ಟುವುದಿಲ್ಲ.

ಇನ್ನೊಂದು, ಆಳಿನ ಕೂಲಿ. ಜ್ವರವಿದ್ದರೂ ಹಮಾಲ ಚೀಲ ಹೊರಲು ಏಕೆ ಬರುತ್ತಾನೆ? ಬರದಿದ್ದರೆ ಅವನ ಮನೆಯ ಒಲೆ ಉರಿಯುವುದಿಲ್ಲ. ಅವನು ಮುಚ್ಚಿಟ್ಟ ಕೆಮ್ಮು ಮರುದಿನ ಮುನೀಮರಿಗೆ, ಮೂರನೆಯ ದಿನ ನಿಮ್ಮ ತಾಯಿಗೆ. "ಬೇನೆ ಇದ್ದರೆ ಹೇಳಪ್ಪಾ, ಮಲಗಿಕೋ, ಕೂಲಿ ತಪ್ಪಿಸುವುದಿಲ್ಲ" ಎಂದು ಮೊದಲೇ ಮಾತು ಕೊಡಿರಿ. ಇದು ದಾಸೋಹವೂ ಹೌದು, ಅಂಗಡಿ ಉಳಿಸುವ ಉಪಾಯವೂ ಹೌದು. ಗುಣವಾಗಿ ಬಂದವನನ್ನು ದೂರ ಇಡಬೇಡಿರಿ. ರೋಗಕ್ಕೆ ಮಡಿಮೈಲಿಗೆಯ ವೇಷ ಹಾಕಿದರೆ, ನಮ್ಮ ಹಿರಿಯರು ಹೊರಗಟ್ಟಿದ್ದನ್ನೇ ನಾವು ಹಿತ್ತಲ ಬಾಗಿಲಿನಿಂದ ಕರೆದಂತಾಗುತ್ತದೆ.

ನಮ್ಮ ಮಠದ ಉಗ್ರಾಣಕ್ಕೆ ಈಗ ಮೂರು ಕೀಲಿಕೈಗಳಿವೆ. ಗೋಡೆಗೆ ಒಂದು ಹಾಳೆ ತೂಗುಹಾಕಿದ್ದೇವೆ: ಯಾರಿಲ್ಲದಿದ್ದರೆ ಯಾರು, ಬೇಳೆ ಎಲ್ಲಿ, ಬಾಕಿ ಎಷ್ಟು. ಅಡುಗೆಗೆ ಎರಡು ತಂಡಗಳಿವೆ. ಒಂದು ಮಲಗಿದರೆ ಇನ್ನೊಂದು ಏಳುತ್ತದೆ. ಆ ಹಿರಿಯರೇ ತಮ್ಮ ಕೈಯಾರೆ ಮೊದಲ ಹಾಳೆ ಬರೆದರು. ನೀವೂ ಬರುವ ಅಮಾವಾಸ್ಯೆಯೊಳಗೆ ಅಂಥದೊಂದು ಹಾಳೆ ಬರೆದು ದೇವರ ಜಗಲಿಯ ಪಕ್ಕದ ಗೋಡೆಗೆ ಅಂಟಿಸಿರಿ. ಮಠಕ್ಕೆ ಬಂದಾಗ ಬರೆದೆವೆಂದು ನಮಗೆ ಹೇಳಿರಿ. ನಮಗೆ ಅದಕ್ಕಿಂತ ದೊಡ್ಡ ಕಾಣಿಕೆ ಬೇಡ.

ಗುರು ಬಸವಣ್ಣನವರ ಕೃಪೆ ನಿಮ್ಮ ಮನೆ, ಹೊಲ, ಅಂಗಡಿಗಳ ಮೇಲಿರಲಿ. ಶರಣು ಶರಣಾರ್ಥಿ.