ಮರ ಕೊಟ್ಟಿತು ಅಂತ ತಿಳಿಯುವುದು ಹೇಗೆ?

*ಇಂದಿನ ಧಮ್ಮ ಚಿಂತನೆ: ಎರಡನೆಯ ಶೀಲ*



ಕಳೆದ ಭಾನುವಾರ ನಮ್ಮ ಬಳಗದಲ್ಲಿ ಎರಡನೆಯ ಶೀಲದ ಬಗ್ಗೆ ಮಾತು ನಡೆದಿತ್ತು. ಪಾಲಿಯಲ್ಲಿ ಅದಕ್ಕೆ 'ಅದಿನ್ನಾದಾನ' ಅನ್ನುವ ಪದವಿದೆ. 'ಅದಿನ್ನ' ಅಂದರೆ ಕೊಡದೇ ಇದ್ದದ್ದು, 'ಆದಾನ' ಅಂದರೆ ತೆಗೆದುಕೊಳ್ಳುವುದು. ನಾವು ಕನ್ನಡದಲ್ಲಿ ಬಳಸುವ ದತ್ತು, ದತ್ತಿ ಕೂಡ ಇದೇ ಬೇರಿನಿಂದ ಬಂದ ಪದಗಳು. ಹಾಗಾಗಿ ಈ ಶೀಲ 'ಕದಿಯಬೇಡ' ಅನ್ನುವುದಕ್ಕಿಂತ ದೊಡ್ಡದು. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ನಾವು ಮಾತು ಕೊಡುತ್ತೇವೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಗುಂಡ್ಲುಪೇಟೆ ಕಡೆಯ ಒಬ್ಬ ಅಕ್ಕ ಕೇಳಿದರು: "ಮೇಷ್ಟ್ರೇ, ನಮ್ಮ ಸಂಘದಲ್ಲಿ ಬೆಟ್ಟದ ನೆಲ್ಲಿಕಾಯಿ ತಂದು ಉಪ್ಪಿನಕಾಯಿ ಹಾಕ್ತೀವಿ. ಮನುಷ್ಯ ಆದ್ರೆ ತಗೋ ಅಂತ ಬಾಯ್ಬಿಟ್ಟು ಹೇಳ್ತಾನೆ. ಮರ ಕೊಡ್ತು ಅಂತ ಹೆಂಗೆ ತಿಳ್ಕಳದು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಈ ವಾರ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬಿಳಿಗಿರಿರಂಗನ ಬೆಟ್ಟವನ್ನೇ ನೋಡೋಣ. ಅಲ್ಲಿ ಎರಡು ಜಾತಿಯ ಕಾಡುನೆಲ್ಲಿ ಇವೆ. ಸೋಲಿಗರು ತಲೆತಲಾಂತರದಿಂದ ಅದನ್ನು ಕೊಯ್ದು ಬದುಕಿದವರು. ಕೊಯ್ಯುವಾಗ ಮರದಲ್ಲಿ ಒಂದಿಷ್ಟು ಕಾಯಿ ಬಿಟ್ಟು ಬರುವುದು ಅವರ ಹಿರಿಯರ ರೂಢಿ. ಆ ಕಾಯಿ ಜಿಂಕೆಗೆ, ಕಡವೆಗೆ. ಅವು ತಿಂದು ಬೇರೆ ಕಡೆ ಉಗುಳಿದ ಬೀಜದಿಂದ ಹೊಸ ಸಸಿ ಹುಟ್ಟಬೇಕು. ಮರದ ಪಾಲು, ಮೃಗದ ಪಾಲು, ಮನುಷ್ಯನ ಪಾಲು ಎಂದು ಮೂರು ಪಾಲು ಇತ್ತು ಅಂತ ತಿಳಿಯಬಹುದು.

ಕೆ.ಜಿ. ಲೆಕ್ಕದ ವ್ಯಾಪಾರ ಬಂದಾಗ ಈ ಲೆಕ್ಕ ತಪ್ಪುತ್ತದೆ. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಅನ್ನುವ ಅವಸರ ಹುಟ್ಟುತ್ತದೆ. ಕಾಯಿಗಾಗಿ ಕೊಂಬೆಯನ್ನೇ ಕಡಿದರೆ ಮುಂದಿನ ವರ್ಷದ ಕಾಯಿಯನ್ನೂ ಇವತ್ತೇ ತೆಗೆದುಕೊಂಡಂತೆ. ಅದು ಕೊಟ್ಟದ್ದಲ್ಲ, ಕಿತ್ತುಕೊಂಡದ್ದು.

ಆದರೆ ಇಲ್ಲಿ ನಾವು ಎಚ್ಚರವಾಗಿರಬೇಕು. ಕಾಡು ಕಡಿಮೆಯಾಯಿತು ಅಂದ ಕೂಡಲೇ ಬೆರಳು ತೋರಿಸುವುದು ಕಾಡಿನಲ್ಲಿರುವ ಬಡವನ ಕಡೆಗೆ. ಬೆಟ್ಟದ ನೆಲ್ಲಿ ಸೊರಗಿದ್ದಕ್ಕೆ ಕೊಯ್ಲು ಒಂದೇ ಕಾರಣವಲ್ಲ. ಕೊಂಬೆಗಳ ಮೇಲೆ ಬಂದಳಿಕೆ ಹಬ್ಬಿತು, ನೆಲದ ತುಂಬ ಲಂಟಾನ ಬೆಳೆದು ಸಸಿ ಏಳದಂತಾಯಿತು. ಹಿಂದೆ ನಾವು ತರಗು ಬೆಂಕಿ ಹಾಕುತ್ತಿದ್ದಾಗ ಇವು ಹತೋಟಿಯಲ್ಲಿದ್ದವು, ಅದನ್ನು ನಿಲ್ಲಿಸಿದ ಮೇಲೆ ಹೀಗಾಯಿತು ಎಂದು ಸೋಲಿಗರು ಹೇಳುತ್ತಲೇ ಬಂದರು. ಸಂಶೋಧಕರು ಅದನ್ನು ಬರೆದುಕೊಂಡು ಪರೀಕ್ಷಿಸಿದ್ದು ಎಷ್ಟೋ ವರ್ಷಗಳ ನಂತರ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ಆದ ತಿದ್ದುಪಡಿಯಿಂದ ಮುಂದೆ ಮಾರಾಟಕ್ಕಾಗಿ ಕೊಯ್ಯುವುದೇ ನಿಂತಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಹೋರಾಡಿ, 2011ರಲ್ಲಿ ಪೋಡುಗಳ ಗ್ರಾಮಸಭೆಗಳು ಸಮುದಾಯದ ಹಕ್ಕು ಪಡೆದವು.

ನಮಗೆ ಇದು ಗೊತ್ತಿರುವ ಕಥೆಯೇ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರು ಕುಡಿದದ್ದು ಯಾರದ್ದನ್ನೋ ಕಿತ್ತುಕೊಂಡದ್ದಲ್ಲ, ನಮ್ಮ ಪಾಲನ್ನು ಪಡೆದದ್ದು. ಪಾಲು ಕೇಳುವುದು ಅದಿನ್ನಾದಾನ ಅಲ್ಲ. ಇನ್ನೊಬ್ಬರ ಪಾಲನ್ನೂ ನುಂಗುವುದು ಅದಿನ್ನಾದಾನ.

ಹಾಗಾದರೆ ಜೀವ ಉಳಿಸಲು ತೆಗೆದುಕೊಂಡರೆ? ಅಲ್ಲಿ ಪ್ರಶ್ನೆ ಇನ್ನೂ ಕಷ್ಟ. ಇದಕ್ಕೆ ದೂರದ ಕಡಲಿನ ಒಂದು ಜೀವಿಯ ಉದಾಹರಣೆ ಕೊಡುತ್ತೇನೆ.

ಅದರ ಚಿಪ್ಪು ಕುದುರೆಯ ಲಾಳದ ಹಾಗಿರುವುದರಿಂದ ಲಾಳದ ಏಡಿ ಅನ್ನೋಣ. ಡೈನೋಸಾರ್‌ಗಳಿಗಿಂತ ಎಷ್ಟೋ ಹಿಂದಿನ ಕುಲ. ನಮ್ಮ ದೇಶದಲ್ಲಿ ಒಡಿಶಾ, ಬಂಗಾಳದ ಕರಾವಳಿಯಲ್ಲಿವೆ; ಅಲ್ಲಿ ಕಾನೂನಿನ ರಕ್ಷಣೆಯೂ ಇದೆ. ಅದರ ರಕ್ತದಲ್ಲಿ ತಾಮ್ರ ಇರುವುದರಿಂದ ಬಣ್ಣ ನೀಲಿ. ಬಾಬಾಸಾಹೇಬರು ನಾಗಪುರದಲ್ಲಿ ಧಮ್ಮ ದೀಕ್ಷೆ ಪಡೆದ 1956ರಲ್ಲೇ, ಕೆಲವು ಬ್ಯಾಕ್ಟೀರಿಯಾ ಸೋಕಿದರೆ ಆ ರಕ್ತ ಹೆಪ್ಪುಗಟ್ಟುತ್ತದೆ ಎಂದು ಫ್ರೆಡರಿಕ್ ಬ್ಯಾಂಗ್ ಎಂಬ ಅಮೆರಿಕದ ವಿಜ್ಞಾನಿ ಬರೆದರು. ಅದರಿಂದ ಒಂದು ಪರೀಕ್ಷೆ ಹುಟ್ಟಿತು. ಇಂಜೆಕ್ಷನ್, ಲಸಿಕೆ, ಗ್ಲೂಕೋಸ್ ಬಾಟಲಿ ಇವುಗಳಲ್ಲಿ ಬ್ಯಾಕ್ಟೀರಿಯಾದ ವಿಷ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಜಗತ್ತು ದಶಕಗಳಿಂದ ಈ ರಕ್ತವನ್ನು ನಂಬಿದೆ. ನಮ್ಮ ಮಕ್ಕಳು ಕ್ಷೇಮವಾಗಿರುವುದರಲ್ಲಿ ಆ ಏಡಿಯ ಋಣವಿದೆ.

ಅಮೆರಿಕದ ಕರಾವಳಿಯಲ್ಲಿ ಏಡಿಯನ್ನು ಹಿಡಿದು, ಸುಮಾರು ಮೂರನೇ ಒಂದು ಪಾಲು ರಕ್ತ ತೆಗೆದು ಮತ್ತೆ ಕಡಲಿಗೆ ಬಿಡುತ್ತಾರೆ. ಎಲ್ಲವೂ ಬದುಕುವುದಿಲ್ಲ. ಅದಕ್ಕೂ ಹೆಚ್ಚಾಗಿ, ಬೇರೆ ಜಲಚರಗಳನ್ನು ಹಿಡಿಯಲು ಎರೆಯಾಗಿ ಅವನ್ನು ಲೆಕ್ಕವಿಲ್ಲದೆ ಹಿಡಿದರು. ಏಡಿ ಕಡಿಮೆಯಾದಾಗ ಅದರ ಮೊಟ್ಟೆಯನ್ನು ನಂಬಿ ಸಾವಿರಾರು ಮೈಲಿ ಹಾರಿ ಬರುವ ರೆಡ್ ನಾಟ್ ಎಂಬ ಹಕ್ಕಿಯೂ ಕುಸಿಯಿತು. ಬೆಟ್ಟದ ನೆಲ್ಲಿಗೂ ಜಿಂಕೆಗೂ ಇರುವ ನಂಟು ಅಲ್ಲಿಯೂ ಇದೆ.

ಬಾಬಾಸಾಹೇಬರು 1956ರ ಮೇ ತಿಂಗಳ ಬಿಬಿಸಿ ಭಾಷಣದಲ್ಲಿ, ಬೌದ್ಧ ಧಮ್ಮ ತಮಗೆ ಯಾಕೆ ಇಷ್ಟ ಎಂದು ಹೇಳುತ್ತಾ ಪ್ರಜ್ಞೆ, ಕರುಣೆ, ಸಮತೆ ಎಂಬ ಮೂರು ತತ್ವಗಳನ್ನು ಮುಂದಿಟ್ಟರು. ಈ ಮೂರನ್ನೂ ಇಲ್ಲಿ ಇಟ್ಟು ನೋಡೋಣ.

*ಕರುಣೆ* ಮಾತ್ರ ಇದ್ದರೆ ಏಡಿಯನ್ನು ಮುಟ್ಟಬೇಡಿ ಎನ್ನುತ್ತೇವೆ. ಆಗ ರೋಗಿಯ ಗತಿ? *ಪ್ರಜ್ಞೆ* ದಾರಿ ಹುಡುಕುತ್ತದೆ. ಹಿಂದೆ ಸಕ್ಕರೆ ಕಾಯಿಲೆಯ ಇನ್ಸುಲಿನ್ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ಬರುತ್ತಿತ್ತು, ಈಗ ಪ್ರಯೋಗಾಲಯದಲ್ಲೇ ತಯಾರಾಗುತ್ತದೆ. ಅದೇ ರೀತಿ ಏಡಿಯ ರಕ್ತದ ಮುಖ್ಯ ಅಂಶವನ್ನು ಏಡಿಯಿಲ್ಲದೆ ತಯಾರಿಸುವ ವಿಧಾನವನ್ನು ಸಿಂಗಾಪುರದ ವಿಜ್ಞಾನಿಗಳು ಕಂಡುಹಿಡಿದರು. ಯುರೋಪಿನ ಔಷಧ ಸಂಹಿತೆ ಅದನ್ನು 2021ರಲ್ಲಿ, ಅಮೆರಿಕದ್ದು 2025ರಲ್ಲಿ ಸೇರಿಸಿಕೊಂಡವು. ರೋಗಿಯೂ ಉಳಿಯಬೇಕು, ಏಡಿಯೂ ಉಳಿಯಬೇಕು. ದಾರಿ ಸಿಕ್ಕ ಮೇಲೂ ಹಳೆಯದೇ ಅಗ್ಗ, ಹಳೆಯದೇ ಸುಲಭ ಎಂದು ಕೂರುವುದು ಅಗತ್ಯವಲ್ಲ, ತಣ್ಹಾ. ಇನ್ನು *ಸಮತೆ* ಕೇಳುವುದು ಒಂದೇ: ಲಾಭ ಯಾರಿಗೆ, ನಷ್ಟ ಯಾರಿಗೆ? ಕೊಯ್ಯುವ ಕೈಗೆ ಕಡಿಮೆ ಕೂಲಿ, ಹೆಚ್ಚು ಬೈಗುಳ. ಕೊಳ್ಳುವ ಕೈಗೆ ಯಾವ ಪ್ರಶ್ನೆಯೂ ಇಲ್ಲ. ಶೀಲ ಕೊಳ್ಳುವವನಿಗೂ ಅನ್ವಯಿಸುತ್ತದೆ.

ಧಮ್ಮಪದದ ಪುಪ್ಫವಗ್ಗದಲ್ಲಿ ದುಂಬಿಯ ಹೋಲಿಕೆ ಇರುವುದು ನಿಮಗೆ ನೆನಪಿರಬಹುದು. ಭಿಕ್ಷು ಊರಿನಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಹೇಳಲು ಭಗವಾನರು ಅದನ್ನು ಬಳಸಿದರು. ದುಂಬಿ ಬಂದು ಹೋದ ಮೇಲೂ ಹೂವು ಹೂವಾಗಿಯೇ ಇರುತ್ತದೆ.

ಅಕ್ಕಾ, ನಿಮ್ಮ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇದು. ಮರ ಬಾಯಿಬಿಟ್ಟು ಹೇಳುವುದಿಲ್ಲ. ಮುಂದಿನ ವರ್ಷ ಅದು ಮತ್ತೆ ಕಾಯಿ ಬಿಟ್ಟರೆ, ಸುತ್ತ ಸಸಿ ಎದ್ದರೆ, ಕೊಯ್ದವರ ಮನೆಯಲ್ಲಿ ಒಲೆ ಉರಿದರೆ, ಅದು ಕೊಟ್ಟಿತು ಅಂತ ತಿಳಿಯಬೇಕು. ಇಲ್ಲದಿದ್ದರೆ ನಾವು ಕಿತ್ತುಕೊಂಡಿದ್ದೇವೆ.

*ಇಂದಿನ ಅಭ್ಯಾಸ:* ನೆಲ್ಲಿಯೋ, ಜೇನೋ, ಬೇರೋ, ಕಾಡಿನ ವಸ್ತು ಕೊಳ್ಳುವಾಗ ಎರಡು ಪ್ರಶ್ನೆ ಕೇಳೋಣ. ಹೇಗೆ ಕೊಯ್ದರು? ಕೊಯ್ದವರಿಗೆ ಎಷ್ಟು ಸಿಕ್ಕಿತು? ಉತ್ತರ ಸಿಗದಿದ್ದರೆ ತೋಟದ ನೆಲ್ಲಿ ಕೊಳ್ಳೋಣ. ಹಿತ್ತಲಿನಲ್ಲಿ ಜಾಗವಿದ್ದವರು ಈ ಮಳೆಗಾಲ ಒಂದು ನೆಲ್ಲಿ ಸಸಿ ನೆಡೋಣ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್. 🙏